‘ಸರ್ವರ್ ಡೌನ್’ ಅನ್ನೋ ಮುಂಚೆ ಟೇಬಲ್ ಕೆಳಗಿನ ಕೇಬಲ್ ನೋಡಿ

‘ಸರ್ವರ್ ಡೌನ್ ಇದೆ, ನಾಳೆ ಬನ್ನಿ.’ ಪಹಣಿಗೆ, ಜಾತಿ ಪ್ರಮಾಣ ಪತ್ರಕ್ಕೆ, ಪಿಂಚಣಿ ಅರ್ಜಿಗೆ ಅಂತ ಹಳ್ಳಿಯಿಂದ ಬಂದವರು ಕೌಂಟರ್ ಮುಂದೆ ಕೇಳೋ ಮಾತು ಇದು. ಅವತ್ತಿನ ಕೂಲಿಯೂ ಹೋಯ್ತು, ಬಸ್ ಚಾರ್ಜೂ ಹೋಯ್ತು. ಸರ್ವರ್ ನಿಜವಾಗಿಯೂ ಕೈಕೊಡೋದುಂಟು, ಇಲ್ಲ ಅಂತಲ್ಲ. ಆದರೆ ಎಷ್ಟೋ ಸಲ ಸರ್ವರ್ ಗಟ್ಟಿಮುಟ್ಟಾಗಿರುತ್ತೆ, ಕೆಟ್ಟಿರೋದು ಟೇಬಲ್ ಕೆಳಗಿನ ಈಥರ್ನೆಟ್ ಕೇಬಲ್. ಅದು ಗೊತ್ತಾಗೋಕೆ ಹತ್ತು ನಿಮಿಷ ಸಾಕು.

ಮೊದಲು ಪಕ್ಕದ ಕಂಪ್ಯೂಟರ್ ನೋಡಬೇಕು. ಅದು ಓಡ್ತಾ ಇದ್ದರೆ ತೊಂದರೆ ಈ ಒಂದು ಕಂಪ್ಯೂಟರ್ ಅಥವಾ ಅದರ ಕೇಬಲ್‌ನಲ್ಲೇ ಇರಬೇಕು. ಎಲ್ಲವೂ ನಿಂತಿದ್ದರೆ ಸ್ವಿಚ್, ರೂಟರ್ ಅಥವಾ ಹೊರಗಿನ ಲೈನ್ ಕಡೆ ಹೋಗಬೇಕು.

ಕೇಬಲ್ ಚುಚ್ಚುವ ಜಾಗದಲ್ಲಿ ಸಣ್ಣ ದೀಪ ಇರುತ್ತೆ. ಎರಡೂ ಕಡೆ ಕರೆಂಟ್ ಇದ್ದೂ ಅದು ಆರಿದ್ದರೆ ಸಂಪರ್ಕವೇ ಆಗಿಲ್ಲ ಅಂತ. ಪ್ಲಾಸ್ಟಿಕ್ ಕ್ಲಿಪ್ ಮುರಿದು ಕೇಬಲ್ ಸಡಿಲ ಆಗಿರಬಹುದು, ಕುರ್ಚಿ ಗಾಲಿ ಹತ್ತಿರಬಹುದು, ಇಲಿ ಕಚ್ಚಿರಬಹುದು. ಚೆನ್ನಾಗಿರೋ ಬೇರೆ ಕೇಬಲ್ ಹಾಕಿ ನೋಡಿ. ಆಗಲಿಲ್ಲ ಅಂದ್ರೆ ಸ್ವಿಚ್‌ನ ಬೇರೆ ಪೋರ್ಟ್‌ಗೆ ಚುಚ್ಚಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗಲ್ಲ.

ದೀಪ ಉರಿದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಕೇಬಲ್ ಒಳಗೆ 8 ತಂತಿಗಳಿವೆ. 100 ಎಂಬಿಪಿಎಸ್ ವೇಗಕ್ಕೆ 4 ಸಾಕು, 1000ಕ್ಕೆ 8ಕ್ಕೆ 8 ಬೇಕು. ಉಳಿದ ನಾಲ್ಕರಲ್ಲಿ ಒಂದು ತುಂಡಾದರೂ ಹಲವು ಉಪಕರಣಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡ್ತವೆ. ಕೆಲಸ ನಿಲ್ಲಲ್ಲ, ಆದ್ರೆ ‘ನೆಟ್ ಸ್ಲೋ’ ಅನ್ನೋ ಗೊಣಗಾಟ ಶುರು.

ಇನ್ನು ಕಂಪ್ಯೂಟರನ್ನೇ ಕೇಳೋದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ವಿಳಾಸ ಬರುತ್ತೆ. ಅದು 169.254ರಿಂದ ಶುರುವಾಗಿದ್ದರೆ ಕಂಪ್ಯೂಟರಿಗೆ ರೂಟರ್‌ನಿಂದ ವಿಳಾಸ ಸಿಕ್ಕಿಲ್ಲ, ತಾನೇ ಒಂದು ಇಟ್ಟುಕೊಂಡಿದೆ. ಸರಿಯಾದ ವಿಳಾಸ ಇದ್ದರೆ ಅಲ್ಲೇ ಕಾಣೋ ‘ಡಿಫಾಲ್ಟ್ ಗೇಟ್‌ವೇ’ಗೆ ಪಿಂಗ್ ಮಾಡಿ. ಉತ್ತರ ಬಂತು ಅಂದ್ರೆ ಕಚೇರಿ ಒಳಗಿನ ಕೇಬಲ್ ಬಹುತೇಕ ಸರಿ ಇದೆ. ಆಮೇಲೆ 8.8.8.8ಕ್ಕೆ ಮಾಡಿ. ಅದೂ ಬಂದು ವೆಬ್‌ಸೈಟ್ ಹೆಸರು ಹಾಕಿದಾಗ ಮಾತ್ರ ‘ಸಿಗ್ತಿಲ್ಲ’ ಅಂದರೆ ತೊಂದರೆ ಡಿಎನ್‌ಎಸ್‌ನದು. ಕೆಲವು ಕಚೇರಿ ಜಾಲಗಳಲ್ಲಿ ಪಿಂಗ್ ತಡೆದಿರ್ತಾರೆ, ಅದೂ ನೆನಪಿರಲಿ.

ಒಂದು ತಮಾಷೆಯ ದೋಷವೂ ಇದೆ. ಕಸ ಗುಡಿಸುವಾಗ ಬಿದ್ದಿರೋ ಕೇಬಲ್ ತುದಿಯನ್ನು ಯಾರೋ ಪಾಪ ಅಂತ ಎತ್ತಿ ಸ್ವಿಚ್‌ಗೆ ಚುಚ್ಚುತ್ತಾರೆ. ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿದ್ದರೆ ಮುಗೀತು. ಮಾಹಿತಿ ಸುತ್ತಿದಲ್ಲೇ ಸುತ್ತುತ್ತೆ, ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಮಿನುಗುತ್ತವೆ, ಇಡೀ ಕಚೇರಿ ನಿಲ್ಲುತ್ತೆ. ಸಾದಾ ಸ್ವಿಚ್‌ಗಳಿಗೆ ಇದನ್ನು ತಡೆಯೋ ಶಕ್ತಿ ಇರೋದಿಲ್ಲ. ಆ ಕೇಬಲ್ ಕಿತ್ತರೆ ಸಾಕು.

ಗೋಡೆಯೊಳಗಿನ ಕೇಬಲ್‌ಗೆ ಟೆಸ್ಟರ್ ಬೇಕು. ಕೆಲವು ನೂರು ರೂಪಾಯಿಗೆ ಸಿಗೋ ಟೆಸ್ಟರ್‌ನಲ್ಲಿ 1ರಿಂದ 8ರವರೆಗೆ ದೀಪ ಸಾಲಾಗಿ ಹತ್ತುತ್ತೆ, ಹತ್ತದ ನಂಬರಿನ ತಂತಿ ತುಂಡಾಗಿದೆ ಅಂತ ಅರ್ಥ. ಎಲ್ಲಿ ತುಂಡಾಗಿದೆ ಅನ್ನೋದನ್ನ ಅದು ಹೇಳಲ್ಲ. ಅದಕ್ಕೆ ಟಿಡಿಆರ್ ಇರೋ ದುಬಾರಿ ಉಪಕರಣ ಬೇಕು. ಬೆಟ್ಟದ ಎದುರು ಕೂಗಿದರೆ ದನಿ ವಾಪಸ್ ಬರುತ್ತಲ್ಲ, ಹಾಗೆ ತಂತಿಯಲ್ಲಿ ಕಳಿಸಿದ ಸಂಕೇತ ತುಂಡಾದ ಕಡೆ ಬಡಿದು ವಾಪಸ್ ಬರುತ್ತೆ. ತಗೊಂಡ ಸಮಯ ಲೆಕ್ಕ ಹಾಕಿ ‘23 ಮೀಟರ್ ದೂರದಲ್ಲಿ’ ಅಂತ ತೋರಿಸುತ್ತೆ. ಅಂದಹಾಗೆ ಸ್ವಿಚ್‌ನಿಂದ ಕಂಪ್ಯೂಟರ್‌ಗೆ ಕೇಬಲ್ ಒಟ್ಟು 100 ಮೀಟರ್ ದಾಟಬಾರದು. ಹಿಂದಿನ ಕಟ್ಟಡಕ್ಕೆ ಎಳೆದ ಲೈನ್ ಆಗಾಗ ಕಡಿದು ಹೋಗ್ತಾ ಇದ್ದರೆ ಉದ್ದವನ್ನೂ ಅಳೆದು ನೋಡಬೇಕು.

ಇಷ್ಟು ನೋಡಿಕೊಂಡು ಟೆಕ್ನಿಷಿಯನ್‌ಗೆ ಫೋನ್ ಮಾಡಿ. ‘ನೆಟ್ ಬರ್ತಿಲ್ಲ’ ಅನ್ನೋ ಬದಲು ‘ಮೂರನೇ ಪೋರ್ಟ್‌ನಲ್ಲಿ ದೀಪ ಇಲ್ಲ, ಕೇಬಲ್ ಬದಲಾಯಿಸಿದ್ರೂ ಬರಲಿಲ್ಲ’ ಅಂದರೆ, ಅವರು ತಾಲ್ಲೂಕು ಕೇಂದ್ರದಿಂದ ಹೊರಡುವಾಗಲೇ ಹೊಸ ಸ್ವಿಚ್ ಹಿಡ್ಕೊಂಡು ಬರ್ತಾರೆ.