ಲಸಿಕೆಯ ಮಾಹಿತಿಪತ್ರ ಮತ್ತು ಅದರ ಎರಡು ತಾರೀಖುಗಳು

1970ನೆಯ ಇಸವಿಯ ಮೇ ತಿಂಗಳಲ್ಲಿ, ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಮಿಷನ್ ಎಂಬ ಊರಿನ ಸರಕಾರಿ ಆರೋಗ್ಯಕೇಂದ್ರಕ್ಕೆ ಸ್ಪ್ಯಾನಿಷ್ ಮನೆಮಾತಿನ ತಾಯಿಯೊಬ್ಬಳು ಎಂಟು ತಿಂಗಳ ಹೆಣ್ಣುಕೂಸನ್ನೆತ್ತಿಕೊಂಡು ಬಂದು, ತೋರಿಸಿದ ಕಾಗದಕ್ಕೆ ರುಜು ಹಾಕಿ, ಕೂಸಿಗೆ ಪೋಲಿಯೊ ಹನಿ ಹಾಕಿಸಿಕೊಂಡು ಹೋದಳು. ಸುಮಾರು ಎರಡು ವಾರಗಳಲ್ಲಿ ಕೂಸು ಪೋಲಿಯೊ ಪೀಡಿತವಾಯಿತು. ಸಜೀವ ವೈರಾಣುವಿನ ಆ ಲಸಿಕೆಯಿಂದ ಅತಿವಿರಳವಾಗಿ ಇಂಥ ವಿಪತ್ತು ಸಂಭವಿಸುವುದುಂಟೆಂಬ ಎಚ್ಚರಿಕೆಯು ಸೀಸೆಗಳ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಅಚ್ಚಾಗಿದ್ದಿತು. ದಾದಿಯು ಅದನ್ನು ಓದಿಯೂ ಇದ್ದಳು. ಆದರೆ ಓದಿದುದನ್ನು ತಾಯಂದಿರಿಗೆ ಹೇಳುವ ವಾಡಿಕೆ ಅಲ್ಲಿರಲಿಲ್ಲ. ತಾಯಿಯ ರುಜು ಬಿದ್ದ ಕಾಗದವಾದರೋ ಸರಕಾರವನ್ನು ಹೊಣೆಯಿಂದ ಪಾರುಮಾಡುವ ಮುಚ್ಚಳಿಕೆಯಾಗಿದ್ದಿತು. ತಯಾರಕರ ವಿರುದ್ಧ ಹೂಡಿದ ದಾವೆಯಲ್ಲಿ, ರೋಗಕ್ಕೆ ಲಸಿಕೆಯೇ ಕಾರಣವೋ, ಊರಿನಲ್ಲಿ ಸುಳಿದಾಡುತ್ತಿದ್ದ ವೈರಾಣುವೋ ಎಂದು ತಜ್ಞರು ವಾದಿಸಿಕೊಂಡರು. 1974ರಲ್ಲಿ ಮೇಲ್ಮನವಿಯ ನ್ಯಾಯಾಲಯವು, ಸಾಮೂಹಿಕವಾಗಿ ಹಾಕುವ ಇಂಥ ಲಸಿಕೆಯ ಎಚ್ಚರಿಕೆಯನ್ನು ಅದನ್ನು ಪಡೆಯುವವರ ಕಿವಿಗೆ ಮುಟ್ಟಿಸಬೇಕಾದುದು ತಯಾರಕರ ಹೊಣೆಯೆಂದು ಎತ್ತಿಹಿಡಿಯಿತು.

ಅಲ್ಲಿಂದ ಮುಂದೆ ದಾವೆಗಳು ಹೆಚ್ಚಿದುವು. 1982ರಲ್ಲಿ ನಾಯಿಕೆಮ್ಮಿನ ಲಸಿಕೆಯ ದುಷ್ಪರಿಣಾಮಗಳ ಬಗೆಗೆ ಪ್ರಸಾರವಾದ ದೂರದರ್ಶನ ಚಿತ್ರವೊಂದು, ಅದರ ವಿಜ್ಞಾನವೆಷ್ಟೇ ದುರ್ಬಲವಾಗಿದ್ದರೂ, ಪಾಲಕರನ್ನು ಸಂಘಟಿಸಿತು. ಒಬ್ಬೊಬ್ಬರಾಗಿ ತಯಾರಕರು ಕೈತೊಳೆದುಕೊಳ್ಳಲಾಗಿ, ಲಸಿಕೆಗಳೇ ಸಾಲದೆಹೋಗುವ ಭೀತಿ ತಲೆದೋರಿತು. 1986ರ ನವೆಂಬರಿನಲ್ಲಿ ಅಧ್ಯಕ್ಷ ರೇಗನ್ನರ ಅಂಕಿತ ಪಡೆದ ರಾಷ್ಟ್ರೀಯ ಬಾಲ್ಯಲಸಿಕಾ ಹಾನಿ ಅಧಿನಿಯಮವು ತಪ್ಪು ಯಾರದೆಂದು ಕೆದಕದೆ ಪರಿಹಾರ ಕೊಡುವ ಏರ್ಪಾಟನ್ನು ವಿಧಿಸಿದುದರ ಜೊತೆಗೆ, ಲಸಿಕೆ ಹಾಕುವ ಮುನ್ನ ಸರಕಾರವೇ ಸಿದ್ಧಪಡಿಸಿದ ಮಾಹಿತಿಯನ್ನು ಕೈಗೀಯಬೇಕೆಂದೂ, ಹಾಕಿದ ದಿನ, ತಯಾರಕರ ಹೆಸರು, ಲಾಟ್ (ಒಂದೇ ಬಾರಿಗೆ ತಯಾರಾದ ಕಂತಿನ) ಸಂಖ್ಯೆ, ಹಾಕಿದವರ ಹೆಸರು, ಹುದ್ದೆ, ವಿಳಾಸಗಳನ್ನು ರೋಗಿಯ ದಾಖಲೆಯಲ್ಲಿ ಬರೆದಿಡಬೇಕೆಂದೂ ಕಟ್ಟುಮಾಡಿತು. ಲಾಟ್ ಸಂಖ್ಯೆಯ ಮಹತ್ವವೇನೆಂಬುದನ್ನು 1955ರಲ್ಲಿ ಕಟರ್ ಕಂಪೆನಿಯ ಕೆಲವು ಲಾಟುಗಳಲ್ಲಿ ಸಾಯದೆ ಉಳಿದ ಪೋಲಿಯೊ ವೈರಾಣುವು ಹತ್ತು ಜೀವಗಳ ಬೆಲೆಗೆ ಮೊದಲೇ ಕಲಿಸಿದ್ದಿತು.

ಮಾಹಿತಿಯನ್ನು ಬರೆಯುವ ಕೆಲಸವು ಸುಲಭವಾಗಿ ಕೈಗೂಡಲಿಲ್ಲ. 1992ರಲ್ಲಿ ಬಳಕೆಗೆ ಬಂದ ಮೊದಲ ಪುಸ್ತಿಕೆಗಳು ಹಲವು ಪುಟ ಬೆಳೆದಿದ್ದುವು. ತೋಳಿನಲ್ಲಿ ಅಳುವ ಮಗುವನ್ನಿಟ್ಟುಕೊಂಡವರು ಇವನ್ನು ಓದುವುದುಂಟೆ ಎಂದು ವೈದ್ಯರು ಗೊಣಗಿದುದು ನ್ಯಾಯವಾಗಿಯೇ ಇದ್ದಿತು. 1993ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಕಾನೂನನ್ನು ಸರಳಗೊಳಿಸಿ, ಲಸಿಕೆಯ ಪ್ರಯೋಜನ, ಅಪಾಯ, ಪರಿಹಾರದ ವ್ಯವಸ್ಥೆ ಇಷ್ಟನ್ನು ಸಂಕ್ಷೇಪವಾಗಿ ಹೇಳಿದರೆ ಸಾಕೆಂದಿತು. ಮರುವರ್ಷ ಎರಡೂ ಮಗ್ಗುಲು ಅಚ್ಚಾದ ಒಂಟಿ ಹಾಳೆಯು ಬಂದಿತು. ರುಜುವಿನ ಅಗತ್ಯವನ್ನು ಕೇಂದ್ರದ ಕಾನೂನು ಹೇಳುವುದಿಲ್ಲ. ಟೆಕ್ಸಾಸಿನ ಮುಚ್ಚಳಿಕೆಯನ್ನು ನೆನೆದರೆ ಅದು ವಿವೇಕವೆಂದೇ ನನಗೆ ತೋರುತ್ತದೆ.

ರುಜುವಿಗೆ ಬದಲಾಗಿ ಅಮೆರಿಕದ ರೋಗನಿಯಂತ್ರಣ ಸಂಸ್ಥೆಯಾದ ಸಿ.ಡಿ.ಸಿ.ಯು ದಾಖಲೆಯಲ್ಲಿ ಎರಡು ತಾರೀಖುಗಳನ್ನು ಕೇಳುತ್ತದೆ: ಹಾಳೆ ಕೊಟ್ಟ ದಿನವೊಂದು, ಆ ಹಾಳೆಯ ಆವೃತ್ತಿಯ ದಿನ ಮತ್ತೊಂದು. ಎರಡನೆಯದು ಗುಮಾಸ್ತಗಿರಿಯ ಅತಿರೇಕವೆಂದು ತೋರಬಹುದು. ಆದರೆ 1998ರಲ್ಲಿ ಅನುಮತಿ ಪಡೆದ ರೋಟಾವೈರಸ್ ಲಸಿಕೆಯೊಂದು, ಶಿಶುಗಳ ಕರುಳು ಒಂದರೊಳಗೊಂದು ಸೇರಿಕೊಳ್ಳುವ ತೊಂದರೆ ಕಾಣಿಸಿಕೊಂಡ ಕಾರಣ 1999ರಲ್ಲಿಯೇ ಮಾರುಕಟ್ಟೆಯಿಂದ ಹಿಂತೆಗೆಯಲ್ಪಟ್ಟುದನ್ನು ಬಲ್ಲವರು ಹಾಗೆನ್ನಲಾರರು. ವೈದ್ಯಶಾಸ್ತ್ರದ ತಿಳಿವು ತಿಂಗಳುಗಳಲ್ಲಿ ಬದಲಾಗುವಾಗ, ಯಾವ ದಿನದ ತಿಳಿವನ್ನು ತಾಯಿಯ ಕೈಗಿತ್ತರೆಂಬುದು ದಾಖಲೆಯಲ್ಲಿರದಿದ್ದರೆ, "ಮಾಹಿತಿ ಕೊಡಲಾಗಿದೆ" ಎಂಬ ವಾಕ್ಯಕ್ಕೆ ಅರ್ಥವೇ ಉಳಿಯದು. ನಮ್ಮಲ್ಲಿ ಲಸಿಕೆಯ ವಿವರ ತಾಯಿ ಕಾರ್ಡಿನಲ್ಲಿದ್ದು ಮನೆಯವರ ವಶದಲ್ಲಿರುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಾದರೋ ಪ್ರತಿ ಡೋಸಿಗೂ ಮುನ್ನ ಈ ಹಾಳೆಯನ್ನು ಕಾಣುವುವು, ಅದರ ತಾರೀಖುಗಳು ವೈದ್ಯರ ಬಳಿ ಉಳಿಯುವುವು.

ಈಗ ಹಾಳೆಯ ಮೇಲೆ ಬಾರ್‌ಕೋಡ್ ಇದೆ. ಅದನ್ನು ಓದಿಸಿದೊಡನೆ ಆವೃತ್ತಿಯ ದಿನವು ತಾನಾಗಿ ಗಣಕಯಂತ್ರದೊಳಗೆ ಸೇರಿಕೊಳ್ಳುವುದು. ಆಸ್ಪತ್ರೆಯಲ್ಲಿಯೇ ಇಟ್ಟ ಪ್ಲಾಸ್ಟಿಕ್ ಹೊದಿಕೆಯ ಪ್ರತಿಯನ್ನೋ ಮೊಬೈಲಿನ ತೆರೆಯನ್ನೋ ಪಾಲಕರಿಗೆ ಓದಿಸಿದರೂ ಕಾನೂನಿಗೆ ಒಪ್ಪಿಗೆಯೇ, ಮನೆಗೊಯ್ಯಲು ಪ್ರತಿ ಬೇಕೆ ಎಂದು ಕೇಳಬೇಕಷ್ಟೆ. ಆದರೆ ಯಂತ್ರವು ಬಲ್ಲುದು ಹಾಳೆಯ ವಯಸ್ಸನ್ನು ಮಾತ್ರ. ಆ ಹಾಳೆಯು ಮೇಜಿನ ಖಾನೆಯಿಂದ ಹೊರಬಂದು ಪಾಲಕರ ಕೈಸೇರಿತೆ ಎಂಬುದಕ್ಕೆ ಇಂದಿಗೂ ದಾದಿಯ ಬರೆಹವನ್ನೇ ನಂಬಬೇಕು.