ವರ್ಜಿನಿಯಾದ ಎಲೆ, ವಿಜಾಪುರದ ಚಿಲುಮೆ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಾಗಲಿ, ಹುಮನಾಬಾದ್ ರಸ್ತೆ ಹಿಡಿದು ಹೋಗಿ ಕಮಲಾಪುರದಲ್ಲಿ ಇಳಿದಾಗಲಿ, ಪಾನ್ ಅಂಗಡಿ ಹುಡುಕುವ ಕಷ್ಟ ಯಾರಿಗೂ ಬಂದಿಲ್ಲ. ಆ ಅಂಗಡಿಗಳ ಮುಂದೆ ತಂಬಾಕಿನ ಮಾತು ಬಂದರೆ ಎರಡು ಬಗೆಯ ಕಥೆಗಳು ಕೇಳಿಸುತ್ತವೆ. ಹಿರಿಯರು ಅದನ್ನು ಅಜ್ಜ-ಮುತ್ತಜ್ಜರ ಕಾಲದ ಆಸ್ತಿ ಎನ್ನುತ್ತಾರೆ. ಕಾರ್ಟೂನ್ ಸಿನಿಮಾ ನೋಡಿ ಬೆಳೆದವರಿಗೆ ಅಮೆರಿಕದ ವಸಾಹತು, ಅಲ್ಲಿಯ ಬಿಳಿಯ ಯುವಕ, ಅವನನ್ನು ಒಲಿದ ಕಾಡಿನ ರಾಜಕುಮಾರಿ ನೆನಪಾಗುತ್ತಾರೆ. ಎರಡೂ ಕೇಳಲು ಚೆನ್ನಾಗಿವೆ. ದಾಖಲೆಗಳ ಮುಂದೆ ಮಾತ್ರ ಎರಡೂ ನಿಲ್ಲುವುದಿಲ್ಲ.

ನಂಬಿಕೆ 1: "ಎಲಿ, ಅಡಕಿ, ತಂಬಾಕ ಮೂರೂ ನಮ್ಮ ಹಿರ್ಯಾರ ಕಾಲದಿಂದ ಬಂದಾವ."

ಸತ್ಯ: ಎಲೆ-ಅಡಿಕೆಗೆ ಈ ಮಾತು ಸಲ್ಲುತ್ತದೆ, ತಂಬಾಕಿಗೆ ಸಲ್ಲದು. ಕಮಲಾಪುರದಿಂದ ಮುಂದಕ್ಕೆ ಹೋದರೆ ಸಿಗುವ ಬಸವಕಲ್ಯಾಣ 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳನ್ನು ಎಣಿಸುತ್ತ ತಾಂಬೂಲಕ್ಕೂ ಜಾಗ ಕೊಟ್ಟಿದ್ದಾನೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ವೀಳ್ಯದೆಲೆಯ ಗುಣವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಇಬ್ಬರ ಬರಹದಲ್ಲೂ ತಂಬಾಕು ಇಲ್ಲ, ಇರುವಂತೆಯೂ ಇರಲಿಲ್ಲ. ತಂಬಾಕಿನ ಗಿಡ ಅಮೆರಿಕ ಖಂಡಗಳದ್ದು. ಅಲ್ಲಿಯ ಮೂಲನಿವಾಸಿಗಳು ಸಾವಿರಾರು ವರ್ಷ ಬೆಳೆದು ಬಳಸುತ್ತಿದ್ದ ಆ ಗಿಡ ಸಮುದ್ರದ ಈಚೆಗೆ ಯಾರಿಗೂ ಗೊತ್ತಿರಲಿಲ್ಲ. ಎಲೆ-ಅಡಿಕೆ-ಸುಣ್ಣ ಸಾವಿರ ವರ್ಷ ದಾಟಿದ ಬಳಗ. ಜರ್ದಾ ಆ ಬಳಗಕ್ಕೆ ತಡವಾಗಿ ಬಂದು, ಮೊದಲಿನಿಂದಲೂ ಇದ್ದದ್ದರಂತೆ ಕೂತುಬಿಟ್ಟಿತು.

ನಂಬಿಕೆ 2: "ಬಹಮನಿ ಸುಲ್ತಾನರು ಕಲಬುರಗಿ ಕೋಟಿಯೊಳಗ ಹುಕ್ಕಾ ಸೇದತಿದ್ರು."

ಸತ್ಯ: ಹಳೆಯ ಸುಲ್ತಾನ ಎಂದೊಡನೆ ಕೈಗೆ ಹುಕ್ಕಾದ ನಳಿಗೆ ಕೊಡುವ ಚಟ ನಮ್ಮ ನಾಟಕ, ಸಿನಿಮಾಗಳಿಗಿದೆ. ಇಸವಿಗಳು ಅದಕ್ಕೆ ಒಪ್ಪುವುದಿಲ್ಲ. ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇ ನವಾಜರು ತೀರಿಕೊಂಡದ್ದು 1422ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಕೊಲಂಬಸ್‌ನ ನಾವಿಕರು ಕೆರಿಬಿಯನ್ ದ್ವೀಪಗಳಲ್ಲಿ ಜನ ಎಲೆ ಸುರುಳಿ ಸುತ್ತಿ ಹೊಗೆ ಎಳೆಯುವುದನ್ನು ಮೊದಲ ಬಾರಿ ಕಂಡದ್ದು 1492ರಲ್ಲಿ, ಅಂದರೆ ಬಂದೇ ನವಾಜರು ಹೋಗಿ 70 ವರ್ಷಗಳ ಮೇಲೆ. ಕಲಬುರಗಿಯಿಂದ ಆಳಿದ ಯಾವ ಸುಲ್ತಾನನೂ ತಂಬಾಕಿನ ವಾಸನೆ ಕಂಡವನಲ್ಲ.

ನಂಬಿಕೆ 3: "ಇಂಗ್ಲಿಷರು ಬಂದ ಮ್ಯಾಲ ಅಮೆರಿಕದ ವ್ಯಾಪಾರಿಗಳ ತಂಬಾಕ ನಮ್ಮ ಕಡಿ ಬಂತು."

ಸತ್ಯ: ಇಲ್ಲಿ ಇತಿಹಾಸ ತಲೆಕೆಳಗಾಗಿದೆ. ತಂಬಾಕನ್ನು ಹಡಗಿನಲ್ಲಿ ಈ ಕಡೆ ಸಾಗಿಸಿದವರು ಪೋರ್ಚುಗೀಸರು. ಗೋವಾ 1510ರಿಂದ ಅವರ ಕೈಯಲ್ಲಿತ್ತು. ಅದಕ್ಕೆ ಹತ್ತಿರವಿದ್ದ ದೊಡ್ಡ ದರಬಾರು ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನದು. ಕಲಬುರಗಿಯೂ ಆಗ ಆದಿಲ್‌ಶಾಹಿ ಸೀಮೆಯೇ.

ಅಕ್ಬರನ ದೂತ ಅಸದ್ ಬೇಗ್ 1603-04ರ ಸುಮಾರಿಗೆ ಆ ದರಬಾರಿಗೆ ಬಂದ. ಆದಿಲ್ ಶಾಹನ ಮಗಳಿಗೂ ಅಕ್ಬರನ ಮಗ ದಾನಿಯಾಲನಿಗೂ ಮದುವೆ ಗೊತ್ತಾಗಿತ್ತು. ಆ ದಿಬ್ಬಣವನ್ನು ಹೊರಡಿಸುವ ಕೆಲಸ ಅವನದು. ವಿಜಾಪುರದಲ್ಲಿ ಅವನ ಕಣ್ಣಿಗೆ ತಂಬಾಕು ಬಿತ್ತು. ಉತ್ತರದಲ್ಲಿ ಅಂಥದ್ದನ್ನು ಕಂಡಿರಲಿಲ್ಲವಾಗಿ ಸ್ವಲ್ಪ ಕಟ್ಟಿಕೊಂಡ. ರತ್ನ ಕೂರಿಸಿದ ಚಂದದ ಚಿಲುಮೆಯನ್ನೂ ಸಿದ್ಧಮಾಡಿಸಿದ. ಆಗ್ರಾದಲ್ಲಿ ಕಾಣಿಕೆಗಳ ನಡುವೆ ಅದನ್ನೂ ಇಟ್ಟ. ಅಕ್ಬರ್ ಕುತೂಹಲದಿಂದ ಎರಡು-ಮೂರು ದಮ್ಮು ಎಳೆದ. ಆಸ್ಥಾನದ ಹಕೀಮ ಗಾಬರಿಯಾಗಿ ತಡೆದ. ಔಷಧದ ಗ್ರಂಥ ಬಲ್ಲವನನ್ನು ಕರೆಸಿ ಕೇಳಿದರೆ, ತನ್ನ ಪುಸ್ತಕಗಳಲ್ಲಿ ಇದರ ಹೆಸರೇ ಇಲ್ಲ, ಇದು ಹೊಸದು ಎಂದ. ನಮ್ಮ ಜ್ಞಾನಿಗಳು ಪರೀಕ್ಷಿಸದೇ ಇದ್ದುದನ್ನು ಪರಂಗಿಯವರು ಮಾಡುತ್ತಾರೆಂದು ನಾವೇಕೆ ಮಾಡಬೇಕು ಎಂಬುದು ಹಕೀಮನ ವಾದ. ಲೋಕದ ಪ್ರತಿ ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ ಎಂಬುದು ಅಸದ್ ಬೇಗನ ಉತ್ತರ.

ಅಕ್ಬರ್ ಆ ಮಾತು ಮೆಚ್ಚಿದ, ತಂಬಾಕನ್ನು ಮಾತ್ರ ರೂಢಿಸಿಕೊಳ್ಳಲಿಲ್ಲ. ಅಸದ್ ಬೇಗ್ ತಂದದ್ದನ್ನು ಅಮೀರರಿಗೆ ಹಂಚಿದ. ಅವರು ಮತ್ತೆ ಮತ್ತೆ ಬೇಡಿದರು. ಬೇಡಿಕೆ ಕಂಡ ವ್ಯಾಪಾರಿಗಳು ಮಾರತೊಡಗಿದರು, ಚಟ ಹಬ್ಬಿತು. ಇದೆಲ್ಲ ಅವನೇ ಬರೆದಿಟ್ಟದ್ದು. ಅಮೆರಿಕದ ಮೊದಲ ಹೆಸರಾಂತ ತಂಬಾಕು ವ್ಯಾಪಾರಿ ಜಾನ್ ರಾಲ್ಫ್ ವರ್ಜಿನಿಯಾದಲ್ಲಿ ಬೀಜ ಬಿತ್ತಿದ್ದು ಸುಮಾರು 1612ರಲ್ಲಿ. ಅವನ ಮೊದಲ ಬೆಳೆ ಮಣ್ಣಿನಿಂದ ಏಳುವ ಎಂಟು ವರ್ಷ ಮೊದಲೇ ನಮ್ಮ ಸೀಮೆಯ ಚಿಲುಮೆ ಆಗ್ರಾ ಮುಟ್ಟಿತ್ತು.

ನಂಬಿಕೆ 4: "ಜಾನ್ ರಾಲ್ಫ್ ತಂಬಾಕು ಕಂಡುಹಿಡಿದ."

ಸತ್ಯ: ಅವನು ಕಂಡುಕೊಂಡದ್ದು ಲಾಭವನ್ನು. 1585ರಲ್ಲಿ ಇಂಗ್ಲೆಂಡಿನ ನಾರ್ಫಕ್‌ನಲ್ಲಿ ಹುಟ್ಟಿದ ರಾಲ್ಫ್ 1609ರಲ್ಲಿ ಹೆಂಡತಿಯೊಡನೆ ಹಡಗು ಹತ್ತಿದ. ಬಿರುಗಾಳಿಗೆ ಸಿಕ್ಕ ಹಡಗು ಬರ್ಮುಡಾ ದ್ವೀಪದ ಬಂಡೆಗಳಲ್ಲಿ ಸಿಲುಕಿತು. ಅಲ್ಲಿ ಹುಟ್ಟಿದ ಮಗಳಿಗೆ ದ್ವೀಪದ ಹೆಸರನ್ನೇ ಇಟ್ಟರು. ಮಗು ಅಲ್ಲಿಯೇ ತೀರಿಕೊಂಡಿತು, ತಾಯಿಯೂ ಹೆಚ್ಚು ದಿನ ಉಳಿಯಲಿಲ್ಲ. 1610ರಲ್ಲಿ ವರ್ಜಿನಿಯಾದ ಜೇಮ್ಸ್‌ಟೌನ್ ಸೇರಿದಾಗ ಆ ವಸಾಹತು ಹಸಿವಿನಿಂದ ಅರ್ಧಜೀವವಾಗಿತ್ತು. ಬಂಡವಾಳ ಹಾಕಿದ ವರ್ಜಿನಿಯಾ ಕಂಪನಿ ಚಿನ್ನಕ್ಕಾಗಿ ಕಾದಿತ್ತು, ಚಿನ್ನ ಸಿಗಲಿಲ್ಲ.

ಅಲ್ಲಿಯ ಮೂಲನಿವಾಸಿಗಳು ಬೆಳೆಯುತ್ತಿದ್ದ ನಾಟಿ ತಂಬಾಕು ಖಾರ, ಕಟು. ಲಂಡನ್ನಿನ ಗಿರಾಕಿಗಳಿಗೆ ಸ್ಪೇನಿನವರು ತಮ್ಮ ಅಮೆರಿಕದ ನೆಲದಿಂದ ತರುತ್ತಿದ್ದ ಮೆದು ರುಚಿಯ ಎಲೆ ಬೇಕಿತ್ತು. ರಾಲ್ಫ್ ಆ ಜಾತಿಯ ಬೀಜ ಸಂಪಾದಿಸಿ ವರ್ಜಿನಿಯಾದಲ್ಲಿ ಬಿತ್ತಿದ. 1617ರ ಹೊತ್ತಿಗೆ ವಸಾಹತು ವರ್ಷಕ್ಕೆ ಸುಮಾರು 20,000 ಪೌಂಡ್, ಅಂದರೆ 9 ಟನ್ ಕಳುಹಿಸುತ್ತಿತ್ತು. ಮುಂದಿನ ಹನ್ನೆರಡು ವರ್ಷಗಳಲ್ಲಿ ಅದು 15 ಲಕ್ಷ ಪೌಂಡ್ ಮುಟ್ಟಿತು. ನಾಣ್ಯದ ಬರವಿದ್ದ ಆ ಊರಲ್ಲಿ ಸಾಲ, ಸಂಬಳ ಎಲ್ಲವೂ ತಂಬಾಕಿನ ತೂಕದಲ್ಲೇ ತೀರತೊಡಗಿದವು.

ನಂಬಿಕೆ 5: "ಪೊಕಹಾಂಟಸ್ ಒಲಿದು ಮದುವೆಯಾದದ್ದು ಜಾನ್ ಸ್ಮಿತ್‌ನನ್ನು."

ಸತ್ಯ: 1995ರ ಡಿಸ್ನಿ ಚಿತ್ರ ಜಗತ್ತಿನ ಮಕ್ಕಳಿಗೆಲ್ಲ ಇಬ್ಬರ ಒಲವಿನ ತಪ್ಪು ಪಾಠ ಕಲಿಸಿತು, ಮದುವೆ ಆ ಚಿತ್ರದಲ್ಲೂ ಇಲ್ಲ. ಇಂಗ್ಲಿಷ್ ವಲಸಿಗರ ಮುಂದಾಳುಗಳಲ್ಲೊಬ್ಬನಾದ ಸ್ಮಿತ್ ವರ್ಜಿನಿಯಾಕ್ಕೆ ಬಂದ 1607ರಲ್ಲಿ, ಅಲ್ಲಿಯ ಮೂಲನಿವಾಸಿ ಪೊಹಾಟನ್ ನಾಯಕನ ಈ ಮಗಳಿಗೆ ಹತ್ತು-ಹನ್ನೊಂದರ ವಯಸ್ಸು. ಅವನೊಡನೆ ಅವಳ ಮದುವೆ ಆಗಲೇ ಇಲ್ಲ. 1613ರಲ್ಲಿ ಕ್ಯಾಪ್ಟನ್ ಆರ್ಗಾಲ್ ಎಂಬವನು ಉಪಾಯದಿಂದ ಅವಳನ್ನು ಹಡಗಿಗೆ ಕರೆಸಿ ಒತ್ತೆಯಾಳು ಮಾಡಿಕೊಂಡ. ಸೆರೆಯಲ್ಲಿದ್ದಾಗಲೇ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು, ರೆಬೆಕ್ಕಾ ಎಂದು ಹೆಸರಾಯಿತು. 1614ರ ಏಪ್ರಿಲ್‌ನಲ್ಲಿ ಅವಳನ್ನು ಮದುವೆಯಾದವನು ರಾಲ್ಫ್. ಅನುಮತಿ ಬೇಡಿ ಅಧಿಕಾರಿ ಥಾಮಸ್ ಡೇಲ್‌ಗೆ ಬರೆದ ಉದ್ದನೆಯ ಪತ್ರದಲ್ಲಿ ಅವನು ತನ್ನ ಒಲವಿನ ಜೊತೆಗೆ ವಸಾಹತಿನ ಹಿತ, ದೇಶದ ಮಾನ, ಧರ್ಮ ಪ್ರಸಾರ ಎಲ್ಲವನ್ನೂ ಕಾರಣವಾಗಿ ಜೋಡಿಸಿದ್ದಾನೆ. ಒತ್ತೆಯಾಳಾಗಿದ್ದ ಹೆಣ್ಣುಮಗಳ ಮನಸ್ಸಿನಲ್ಲಿ ಏನಿತ್ತೆಂದು ಅವಳಿಂದ ಬರೆಸಿಟ್ಟವರಿಲ್ಲ.

1615ರಲ್ಲಿ ಮಗ ಥಾಮಸ್ ಹುಟ್ಟಿದ. ಮರುವರ್ಷ ಕಂಪನಿ ಈ ಕುಟುಂಬವನ್ನು ಲಂಡನ್ನಿಗೆ ಕರೆಸಿ ಮೆರೆಸಿತು. ಹೂಡಿಕೆದಾರರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಹೀರಾತು ಇರಲಿಲ್ಲ. 1617ರ ಮಾರ್ಚ್‌ನಲ್ಲಿ ವಾಪಸು ಹೊರಟ ಹಡಗು ಥೇಮ್ಸ್ ನದಿ ದಾಟುವ ಮೊದಲೇ ಪೊಕಹಾಂಟಸ್ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಳು. ಅವಳಿಗಾಗ ಇಪ್ಪತ್ತು-ಇಪ್ಪತ್ತೊಂದು ವರ್ಷ. ನಿತ್ರಾಣವಾಗಿದ್ದ ಮಗುವನ್ನು ಇಂಗ್ಲೆಂಡಿನಲ್ಲೇ ಬಿಟ್ಟು ರಾಲ್ಫ್ ಹೊಲಕ್ಕೆ ಮರಳಿದ, ಜೇನ್ ಪಿಯರ್ಸ್ ಎಂಬಾಕೆಯನ್ನು ಮದುವೆಯಾದ, 1622ರಲ್ಲಿ ಸತ್ತ. ಚಿಕ್ಕಪ್ಪ ಹೆನ್ರಿಯ ಆಸರೆಯಲ್ಲಿ ಬೆಳೆದ ಥಾಮಸ್ 1635ರಲ್ಲಿ ವರ್ಜಿನಿಯಾಕ್ಕೆ ಬಂದಾಗ ನೋಡಲು ತಂದೆ ಇರಲಿಲ್ಲ.

ನಂಬಿಕೆ 6: "ವ್ಯಾಪಾರಿಯ ದುಡಿಮೆಯಿಂದ ವರ್ಜಿನಿಯಾ ಬೆಳೆಯಿತು."

ಸತ್ಯ: ದುಡಿದ ಕೈಗಳು ಬೇರೆಯವರವು. ಮೊದಲು ಹಡಗಿನ ಖರ್ಚಿಗೆ ಬದಲಾಗಿ ವರ್ಷಗಟ್ಟಲೆ ಜೀತಕ್ಕೆ ಒಪ್ಪಿ ಬಂದ ಇಂಗ್ಲೆಂಡಿನ ಬಡವರು, ಆಮೇಲೆ ಆಫ್ರಿಕಾದಿಂದ ಹಿಡಿದು ತಂದವರು. 1619ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಹಡಗೊಂದು ವರ್ಜಿನಿಯಾಕ್ಕೆ ತಂದು, ಆಹಾರ ಸಾಮಗ್ರಿಗೆ ಬದಲಾಗಿ ಕೊಟ್ಟದ್ದನ್ನು ಪತ್ರದಲ್ಲಿ ದಾಖಲಿಸಿದವನು ಇದೇ ರಾಲ್ಫ್. ತಂಬಾಕು ಮೂರು-ನಾಲ್ಕು ವರ್ಷಕ್ಕೆ ಹೊಲದ ಸತ್ವ ಹೀರುತ್ತದೆ, ಆಮೇಲೆ ಹೊಸ ನೆಲ ಬೇಕು. ಆ ನೆಲ ಪೊಕಹಾಂಟಸಳ ಬಳಗದ್ದು. ಮದುವೆ ತಂದಿದ್ದ ಶಾಂತಿ ಎಂಟು ವರ್ಷಕ್ಕೆ ಮುರಿಯಿತು. 1622ರ ಮಾರ್ಚ್‌ನಲ್ಲಿ ಅವಳ ಬಂಧು ಒಪೆಚಾನ್ಕನೊ ನಡೆಸಿದ ದಾಳಿಯಲ್ಲಿ ಸುಮಾರು 350 ವಲಸಿಗರು ಸತ್ತರು.

ನಮ್ಮ ರಾಜ್ಯಕ್ಕೂ ಈ ಎಳೆ ಬಂದು ಸೇರುತ್ತದೆ. ಪಿರಿಯಾಪಟ್ಟಣ, ಹುಣಸೂರಿನ ರೈತರು ಬೆಳೆದು ಬ್ಯಾರನ್ ಎಂಬ ಕಾವುಮನೆಯಲ್ಲಿ ಬೇಯಿಸುವುದು ವರ್ಜಿನಿಯಾ ತಂಬಾಕನ್ನೇ. ಕಾವು ಕೊಟ್ಟು ಎಲೆಯನ್ನು ಹೊಂಬಣ್ಣಕ್ಕೆ ತಿರುಗಿಸುವ ಹದ 1839ರಲ್ಲಿ ಉತ್ತರ ಕೆರೊಲಿನಾದಲ್ಲಿ ಸಿಕ್ಕಿದ್ದು ಸ್ಟೀಫನ್ ಎಂಬ ಗುಲಾಮನ ಕೈಗೆ. ಲಾಭ ಸೇರಿದ್ದು ಅವನ ಒಡೆಯ ಸ್ಲೇಡ್‌ನ ಮನೆಗೆ.

ನಂಬಿಕೆ 7: "ಸರ್ಕಾರ ಮನಸ್ಸು ಮಾಡಿದ್ರ ಒಂದೇ ದಿನದಾಗ ಬಂದ್ ಆಗ್ತದ."

ಸತ್ಯ: ನಾನೂರು ವರ್ಷಗಳಿಂದ ದೊರೆಗಳು ಮನಸ್ಸು ಮಾಡುತ್ತಲೇ ಬಂದಿದ್ದಾರೆ. ಅಸದ್ ಬೇಗನ ಚಿಲುಮೆ ಉತ್ತರಕ್ಕೆ ಹೊರಟಿದ್ದ ಆ 1604ರಲ್ಲೇ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ ತಂಬಾಕಿನ ವಿರುದ್ಧ ಸ್ವತಃ ಪುಸ್ತಿಕೆ ಬರೆದ, ಸುಂಕವನ್ನು ಹಲವು ಪಟ್ಟು ಏರಿಸಿದ. ಕೊನೆಗೆ ಅದೇ ಸುಂಕ ಬೊಕ್ಕಸಕ್ಕೆ ಬಿಡಲಾಗದ ಆದಾಯವಾಯಿತು. ಜಹಾಂಗೀರ್ 1617ರಲ್ಲಿ ತಂಬಾಕು ಸೇದಬಾರದೆಂದು ಆಜ್ಞೆ ಹೊರಡಿಸಿದ. ಇರಾನಿನ ಷಾ ಅಬ್ಬಾಸನೂ ತಡೆದಿದ್ದ. ಆದರೆ ಜಹಾಂಗೀರನ ರಾಯಭಾರಿ ಖಾನ್ ಆಲಂ ಹೊಗೆ ಬಿಟ್ಟಿರಲಾರದವನೆಂದು ಷಾ ಅಲ್ಲಿ ಅವನಿಗೆ ವಿನಾಯಿತಿ ಕೊಡಬೇಕಾಯಿತು.

ಕರ್ನಾಟಕ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲಾದ ಚೀಟಿ ಒಂದು, ತಂಬಾಕಿನ ಚೀಟಿ ಒಂದು ಎಂದು ಮಾಲು ಎರಡಾಗಿ ಅಂಗಡಿಯಲ್ಲಿ ತೂಗಿತು, ತಿನ್ನುವವರು ಅಂಗೈಯಲ್ಲಿ ಬೆರೆಸಿಕೊಂಡರು. 2024ರ ಫೆಬ್ರವರಿಯಲ್ಲಿ ಹುಕ್ಕಾಕ್ಕೂ ತಡೆ ಬಂತು. ಕಾನೂನು ಬೇಕೇ ಬೇಕು. ಆದರೆ ಕೊಳ್ಳುವ ಕೈ ಇರುವವರೆಗೆ ಮಾರುವ ಕೈ ದಾರಿ ಹುಡುಕುತ್ತದೆ.

ನಂಬಿಕೆ 8: "ಹೊಗಿ ಇದ್ರ ಕೆಟ್ಟದ್ದು, ಬರೇ ಅಗದ್ರ ಏನಾಗಂಗಿಲ್ಲ."

ಸತ್ಯ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಹೊಗೆಯಿಲ್ಲದ ತಂಬಾಕನ್ನೂ ಮೊದಲ ಗುಂಪಿನಲ್ಲೇ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತುಗಳ ಸಾಲಿನಲ್ಲೇ ಇಟ್ಟಿದೆ. ಅದೇ ಸಾಲಿನಲ್ಲಿ ಅಡಿಕೆಯೂ ಇದೆ. ಆದ್ದರಿಂದ ಹಳೆಯದೆಲ್ಲ ನಿರಪಾಯ ಎಂದೂ ತಿಳಿಯಬಾರದು. ಸುಣ್ಣ ಬೆರೆಸಿ ತಿಕ್ಕಿ ದವಡೆಗೆ ಇಟ್ಟ ತಂಬಾಕಿನಿಂದ ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುತ್ತದೆ, ಚಟ ಗಟ್ಟಿಯಾಗುತ್ತದೆ. 2016-17ರ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಸೇದುವವರು ಶೇ 10.7 ಇದ್ದರೆ ಅಗಿಯುವ, ತಿಕ್ಕುವ, ಮೂಗಿಗೇರಿಸುವವರು ಶೇ 21.4. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಕಂಡರೆ ತಡಮಾಡದೆ ತೋರಿಸಿಕೊಳ್ಳಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಘಟಕ ಕಲಬುರಗಿಯಲ್ಲೇ ಇದೆ.

ನಂಬಿಕೆ 9: "ಪರದೇಶದ್ದು ಅಂತ ಗೊತ್ತಾದ ಮ್ಯಾಲ ಬಿಟ್ಟಬಿಡಬೇಕು."

ಸತ್ಯ: ಬಿಡಲು ಇದು ಸರಿಯಾದ ಕಾರಣವಲ್ಲ. ಹಾಗೆ ನೋಡಿದರೆ ಜೋಳದ ರೊಟ್ಟಿಯ ಪಕ್ಕದ ಶೇಂಗಾ ಹಿಂಡಿಯನ್ನೂ ಬಿಡಬೇಕಾಗುತ್ತದೆ. ಶೇಂಗಾ ಅಮೆರಿಕದ್ದು, ಅದಕ್ಕೆ ಹಾಕಿದ ಕೆಂಪು ಖಾರದ ಮೆಣಸಿನಕಾಯಿಯೂ ಅಮೆರಿಕದ್ದು. ಜೋಳವೇ ಬಹು ಹಿಂದೆ ಆಫ್ರಿಕಾದಿಂದ ಬಂದ ಕಾಳು. ಕಲಬುರಗಿಯ ತೊಗರಿ ಮಾತ್ರ ಈ ನೆಲದ್ದೇ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಬಾಳೆಯ ಕುಲವೂ ಏಷ್ಯಾದ್ದೇ. ಆ ಗೊನೆ ಕೈಗೆ ಬರಲು ರೈತ ಸುಮಾರು ಒಂದೂವರೆ ವರ್ಷ ಕಾಯುತ್ತಾನೆ. ಬೆಳೆ ಎಲ್ಲಿಯದು ಎಂಬುದಕ್ಕಿಂತ ಅದು ಮೈಗೆ ಏನು ಮಾಡುತ್ತದೆ ಎಂಬುದೇ ಲೆಕ್ಕಕ್ಕೆ ಬರುವ ಮಾತು. ಶೇಂಗಾ ಹೊಟ್ಟೆ ತುಂಬಿಸಿತು, ಮೆಣಸಿನಕಾಯಿ ಬಾಯಿಗೆ ರುಚಿ ಕೊಟ್ಟಿತು. ತಂಬಾಕು ಕೊಟ್ಟದ್ದು ಚಟ.

ಅಕ್ಬರನ ಹಕೀಮ ತಂಬಾಕನ್ನು ಬೇಡ ಎಂದದ್ದು ಹಿರಿಯರಿಗೆ ಅದು ಗೊತ್ತಿಲ್ಲ ಎಂಬ ಕಾರಣಕ್ಕೆ. ಇಂದು ಅದೇ ತಂಬಾಕನ್ನು ಬಿಡದಿರುವುದು ಹಿರಿಯರಿಂದ ಬಂದದ್ದು ಎಂಬ ಕಾರಣಕ್ಕೆ. ನಡುವೆ ಕಳೆದ ನಾನೂರು ವರ್ಷಗಳಲ್ಲಿ ಎಲೆ ಬದಲಾಗಲಿಲ್ಲ. ವ್ಯಾಪಾರ ಅದಕ್ಕೊಂದು ವಂಶಾವಳಿ ಬರೆದುಕೊಟ್ಟಿತು, ಇಲ್ಲಿ ಸಂಪ್ರದಾಯದ ಹೆಸರಿನಲ್ಲಿ, ಅಲ್ಲಿ ಪ್ರೇಮಕಥೆಯ ಹೆಸರಿನಲ್ಲಿ. ಹಕೀಮ ಕೇಳಿದ್ದು ಪರೀಕ್ಷೆಯಾಗಲಿ ಎಂದು. ಆ ಪರೀಕ್ಷೆ ಈಗ ಮುಗಿದಿದೆ, ಫಲಿತಾಂಶ ಪ್ರತಿ ತಂಬಾಕಿನ ಚೀಟಿಯ ಮೇಲೆ ಚಿತ್ರಸಮೇತ ಅಚ್ಚಾಗಿದೆ. ಚೀಟಿ ಹರಿಯುವ ಮುನ್ನ ಅದನ್ನು ನೋಡಬೇಕು, ಅಷ್ಟೆ.