ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆಯೇ?

ಹಾಕಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕೊಡಗು. ಎಂ.ಪಿ. ಗಣೇಶ್, ಅರ್ಜುನ್ ಹಾಲಪ್ಪ, 1997ರಲ್ಲಿ 60 ಮನೆತನಗಳ ತಂಡಗಳೊಂದಿಗೆ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ... ನನಗೂ ಅಷ್ಟೇ ಗೊತ್ತಿತ್ತು. ಆದರೆ ಬೇ ಏರಿಯಾದಲ್ಲೇ ಹುಟ್ಟಿ ಬೆಳೆದ ನನ್ನ ಮಗನಿಗೆ ಹಾಕಿ ಅಂದರೆ ಮಂಜುಗಡ್ಡೆಯ ಮೇಲಿನ ಆಟ, ಸ್ಯಾನ್ ಹೊಸೆ ಶಾರ್ಕ್ಸ್ ಅಂದರೆ ಮನೆದೇವರು. ಸಾಗರದ ಅಡಿಕೆ ತೋಟದಲ್ಲಿ ಬೆಳೆದ ನಾನು ಅವನ ದೆಸೆಯಿಂದ ಈ ಆಟ ನೋಡಲು ಕಲಿತೆ.

ನಾನು ಕಲಿಯುವ ಹೊತ್ತಿಗೆ ತಂಡ ಮುಳುಗಿತ್ತು ಬಿಡಿ! 2016ರಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್ ಆಡಿದ, 2019ರಲ್ಲಿ ಕೊನೆಯ ನಾಲ್ಕರವರೆಗೆ ಹೋದ ತಂಡವದು. 2022ರ ಜುಲೈನಲ್ಲಿ ಜನರಲ್ ಮ್ಯಾನೇಜರ್ ಆಗಿ ಬಂದ ಮೈಕ್ ಗ್ರಿಯರ್ ದೊಡ್ಡ ಹೆಸರಿನವರನ್ನೆಲ್ಲ ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಬ್ರೆಂಟ್ ಬರ್ನ್ಸ್ ಹೋದರು, ಟೀಮೊ ಮೈಯರ್ ಹೋದರು, ಒಂದೇ ಋತುವಿನಲ್ಲಿ 101 ಪಾಯಿಂಟ್ ಗಳಿಸಿದ್ದ ಎರಿಕ್ ಕಾರ್ಲ್‌ಸನ್ ಹೋದರು. 2024ರ ಮಾರ್ಚ್‌ನಲ್ಲಿ ನನ್ನ ಮಗನ ಅಚ್ಚುಮೆಚ್ಚಿನ ಟೊಮಾಸ್ ಹರ್ಟಲ್ ಕೂಡ ಹೋದಾಗ ಮನೆಯಲ್ಲಿ ಅವತ್ತು ಊಟ ಸೇರಲಿಲ್ಲ.

ಅದಕ್ಕೂ ಮೊದಲು, 2023ರ ನವೆಂಬರ್‌ನಲ್ಲಿ, ಬೆನ್ನುಬೆನ್ನಿಗೆ ಎರಡು ಪಂದ್ಯಗಳಲ್ಲಿ ಹತ್ತು ಹತ್ತು ಗೋಲು ಹೊಡೆಸಿಕೊಂಡಿದ್ದರು. "ಅಪ್ಪಾ, ಬೇಕು ಅಂತಾನೇ ಸೋಲ್ತಿದಾರಾ?" ಅಂತ ಮಗ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಈ ಕಥೆ ಹೇಳಿದೆ. ಹಾಕಿಯ ಗಂಧ ಗಾಳಿ ಇಲ್ಲದ ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ಹಳೇ ತೋಟ ಕಡಿದು ಸಸಿ ನೆಟ್ಟಿದಾರೆ ಅಂತಾಯ್ತು. ಐದಾರು ವರ್ಷ ಕೊನೆ ಕಾಣೋದಿಲ್ಲ, ಕಾಯಬೇಕು ಮಾರಾಯ."

ಇಲ್ಲಿ ಸಸಿ ಆರಿಸುವ ಪದ್ಧತಿಗೆ ಡ್ರಾಫ್ಟ್ ಅನ್ನುತ್ತಾರೆ. ನಮ್ಮ ಸಿಇಟಿ ಕೌನ್ಸೆಲಿಂಗ್‌ನಲ್ಲಿ ಮೊದಲ ರ‍್ಯಾಂಕಿನವನಿಗೆ ಮೊದಲ ಆಯ್ಕೆ ತಾನೆ? ಇಲ್ಲಿ ತಿರುಗುಮುರುಗು. ಹಿಂದೆ ಬಿದ್ದವರಿಗೆ ಮುಂದಿನ ಸಾಲು! ಆದರೆ ಬೇಕೆಂದೇ ಸೋಲುವವರಿಗೆ ಕಡಿವಾಣ ಇರಲಿ ಎಂದು ಲಾಟರಿ ಎತ್ತುತ್ತಾರೆ. ಕಟ್ಟಕಡೆಯ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇ. 25.5 ಮಾತ್ರ. 2024ರಲ್ಲಿ ಶಾರ್ಕ್ಸ್‌ಗೆ ಲಾಟರಿ ಹೊಡೆಯಿತು, ಮ್ಯಾಕ್ಲಿನ್ ಸೆಲಬ್ರಿನಿ ಬಂದ. 2025ರಲ್ಲಿ ಕೈತಪ್ಪಿ ಎರಡನೇ ಆಯ್ಕೆಗೆ ಇಳಿದರು, ಮೈಕಲ್ ಮೀಸಾ ಸಿಕ್ಕ. 2021ರಲ್ಲಿ 7ನೆಯವನಾಗಿ ಬಂದ ವಿಲಿಯಂ ಎಕ್ಲುಂಡ್, 2023ರಲ್ಲಿ 4ನೆಯವನಾಗಿ ಬಂದ ವಿಲ್ ಸ್ಮಿತ್ (ಸಿನಿಮಾದವನಲ್ಲ!) ಮೊದಲೇ ಇದ್ದರು.

ಸೆಲಬ್ರಿನಿ ನಮ್ಮೂರಿಗೆ ಹೊಸಬನಲ್ಲ. ಅವನ ತಂದೆ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಕ್ರೀಡಾ ವೈದ್ಯಕೀಯ ವಿಭಾಗದಲ್ಲಿರುವುದರಿಂದ ಚಿಕ್ಕವನಿದ್ದಾಗ ಇಲ್ಲಿನ ಜೂನಿಯರ್ ಶಾರ್ಕ್ಸ್‌ನಲ್ಲಿ ಆಡಿದ್ದ. ಹದಿನೆಂಟರ ಹುಡುಗ, ಮೊದಲ ಋತುವಿನಲ್ಲೇ 70 ಪಂದ್ಯಗಳಲ್ಲಿ 63 ಪಾಯಿಂಟ್. ಮುಂದೆ 2026ರ ಚಳಿಗಾಲದ ಒಲಿಂಪಿಕ್ಸ್‌ಗೆ ಕೆನಡಾ ತಂಡಕ್ಕೂ ಆಯ್ಕೆಯಾದ. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂದರೆ ಇದೇ ಅನ್ನಿ.

ಆದರೆ ಒಂದು ಲೆಕ್ಕ ನೋಡಿ. ಅವನು ಬರುವ ಮುಂಚಿನ ಋತುವಿನಲ್ಲಿ ತಂಡ ಗೆದ್ದದ್ದು 19 ಪಂದ್ಯ. ಅವನು ಬಂದ ಮೇಲೆ 20! ಮುಂದಾಳುಗಳು ಎಷ್ಟೇ ಚುರುಕಾಗಿದ್ದರೂ ಹಿಂದೆ ಕಾಯುವವರು ಬೇಕಲ್ಲ. ಬಫಲೊ ಸೇಬರ್ಸ್ ತಂಡ 2018 ಮತ್ತು 2021ರಲ್ಲಿ ಮೊದಲ ಆಯ್ಕೆ ಪಡೆದೂ, 2025ರವರೆಗೆ ಸತತ 14 ಋತು ಪ್ಲೇಆಫ್ ಮುಖ ನೋಡಲಿಲ್ಲ. ಒಳ್ಳೆಯ ಸಸಿ ತಂದರಷ್ಟೇ ಸಾಲದು. ಅಡಿಕೆ ಸಸಿಯ ಪಕ್ಕ ಬಾಳೆ ಯಾಕೆ ನೆಡುತ್ತಾರೆ? ಎಳೆ ಸಸಿಗೆ ನೆರಳು ಬೇಕು. ಸೆಲಬ್ರಿನಿಗೆ ಆ ನೆರಳು ಸಿಕ್ಕಿತು. ಮೊದಲ ವರ್ಷ ಅವನು ಇದ್ದದ್ದು ಶಾರ್ಕ್ಸ್‌ನ ಮಾಜಿ ಆಟಗಾರ ಜೋ ಥಾರ್ನ್‌ಟನ್ ಮನೆಯಲ್ಲಿ, ಅವರ ಹೆಂಡತಿ ಮಕ್ಕಳ ಜೊತೆ.

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಮನೆಯಲ್ಲಿ ಮಾಡಿದ್ದೇನು ಗೊತ್ತೇ? ಮಗನೂ ಒಂದು ಕ್ಲಬ್ಬಿನಲ್ಲಿ ಆಡುತ್ತಾನೆ. ಹೋದ ಬಾರಿಯ ಟ್ರೈಔಟ್‌ನಲ್ಲಿ ಎರಡನೇ ತಂಡಕ್ಕೆ ಬಿದ್ದ. ಎಂಜಿನಿಯರ್ ಬುದ್ಧಿ ಸುಮ್ಮನಿರುತ್ತದೆಯೇ? ಎಕ್ಸೆಲ್ ಶೀಟ್ ತೆರೆದೆ. ಅವನ ಗೋಲು, ಪಾಸು, ಜೊತೆಯ ಹುಡುಗರದ್ದೂ ಪಕ್ಕದಲ್ಲಿ, ಅಂಕದ ಪ್ರಕಾರ ಸಾಲಾಗಿ. ಒಂದು ಸಂಜೆ ಹಿಂದೆ ಬಂದು ನಿಂತವನು ಮೆಲ್ಲಗೆ ಕೇಳಿದ: "ಅಪ್ಪಾ, ಇದರಲ್ಲಿ ನಾನು ಎಷ್ಟನೇ ಪಿಕ್?"

ಅವನ ಹೆಸರು ಹನ್ನೊಂದನೇ ಸಾಲಿನಲ್ಲಿತ್ತು. ಲ್ಯಾಪ್‌ಟಾಪ್ ಮುಚ್ಚಿದೆ.

ಅವತ್ತು ರಾತ್ರಿ ಅವನಿಗೆ ಜೋ ಪವೆಲ್ಸ್ಕಿಯ ಕಥೆ ಹೇಳಿದೆ. 2003ರ ಡ್ರಾಫ್ಟ್‌ನಲ್ಲಿ ಶಾರ್ಕ್ಸ್ ಮೊದಲ ಸುತ್ತಿನಲ್ಲೇ ಇಬ್ಬರನ್ನು ಆರಿಸಿತ್ತು, 6ನೆಯವನೊಬ್ಬ, 16ನೆಯವನೊಬ್ಬ. ಪವೆಲ್ಸ್ಕಿಯ ಹೆಸರು ಕೂಗಿದ್ದು 205ನೆಯದಾಗಿ. ಮೊದಲಿನ ಆ ಇಬ್ಬರೂ ಬೇರೆ ಬೇರೆ ತಂಡ ಸೇರಿಕೊಂಡರು. 205ನೆಯವನು ಶಾರ್ಕ್ಸ್‌ಗೆ 355 ಗೋಲು ಹೊಡೆದ, 2016ರ ಫೈನಲ್‌ನಲ್ಲಿ ನಾಯಕನಾಗಿದ್ದ. ಹುಡುಗರ ಭವಿಷ್ಯ ಅಳೆಯುವುದೇ ಹೊಟ್ಟೆಪಾಡಾದ ಪರಿಣಿತರ ಕಣ್ಣಿಗೂ ಆ ಮೊಳಕೆ ಸರಿಯಾಗಿ ಕಂಡಿರಲಿಲ್ಲ. ಇನ್ನು ನನ್ನ ಎಕ್ಸೆಲ್ ಶೀಟ್ ಯಾವ ಲೆಕ್ಕ? ಹಾಗೆ ನೋಡಿದರೆ, ಸಿಇಟಿಯಲ್ಲಿ ನನ್ನ ರ‍್ಯಾಂಕಿಗೆ ಕಂಪ್ಯೂಟರ್ ಸೈನ್ಸ್ ಸಿಕ್ಕಿರಲಿಲ್ಲ. ಮೆಕ್ಯಾನಿಕಲ್ ಓದಿ ಈ ಕೆಲಸಕ್ಕೆ ಬಂದವನು ನಾನು. ಫಲಿತಾಂಶ ಬಂದ ದಿನ ಅಪ್ಪಯ್ಯ ಏನೂ ಅನ್ನಲಿಲ್ಲ, ತೋಟಕ್ಕೆ ನೀರು ಬಿಡಲು ಜೊತೆಗೆ ಕರೆದುಕೊಂಡು ಹೋಗಿದ್ದರು.

ಕಥೆ ಕೇಳಿದ ಮಗ, "ಹಂಗಾದ್ರೆ ನಾನು ಇನ್ನೂ 205 ಆಗಿಲ್ಲ" ಅಂತ ನಕ್ಕು ಮಲಗಿದ. ಶೀಟ್ ಅಳಿಸಿ ಹಾಕಿದೆ. ಈಗಲೂ ಶನಿವಾರ ಬೆಳಗಿನ ಜಾವ ಎದ್ದು ರಿಂಕ್‌ಗೆ ಹೋಗುತ್ತೇವೆ. ಅವನು ಎರಡನೇ ತಂಡದಲ್ಲೇ ಇದ್ದಾನೆ. ನಾನು ಸ್ಕೇಟ್‌ನ ಲೇಸು ಬಿಗಿದು ಕಟ್ಟಿ, ಫ್ಲಾಸ್ಕ್‌ನ ಕಾಫಿ ಹಿಡಿದು, ಗೋಲು ಎಣಿಸದೆ ಕೂರುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಕಷ್ಟ ಇದೆ!

ನಿಮ್ಮ ಮನೆಯಲ್ಲೂ ಇಂಥದೊಂದು ಪಟ್ಟಿ ಇದ್ದೀತು, ಗಣಿತದ್ದೋ ಪಿಯಾನೋದ್ದೋ ಸ್ಪೆಲಿಂಗ್ ಬೀ ಸ್ಪರ್ಧೆಯದ್ದೋ. ಏನಂತೀರಿ?